ಗಂಡು ಸಾಬೂನು, ಹೆಣ್ಣು ಸಾಬೂನು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶರಣ ಬಂಧುಗಳು ಸೇರಿದ್ದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಮಾಡಿದ ಭಾಷಣ)

 

ಮಠದ ವೇದಿಕೆಯ ಮೇಲೆ ಸಾಬೂನಿನ ಮಾತೇ ಎಂದು ಯಾರೂ ಹುಬ್ಬೇರಿಸಬೇಡಿ. ಕಾಯಕದ ದುಡ್ಡು ಎಲ್ಲಿ ಸೋರಿಹೋಗುತ್ತದೆ ಎಂದು ನೋಡುವುದೂ ನಮ್ಮ ಕೆಲಸವೇ. ನಾಲೆಗಳ ಸೋರಿಕೆ ಹುಡುಕುತ್ತಾ ಸರ್ಕಾರಿ ಸೇವೆ ಮುಗಿಸಿದವನು ನಾನು. ಆ ಅಭ್ಯಾಸ ಬಿಟ್ಟಿಲ್ಲ.

ಈ ವಿಷಯ ನಮ್ಮೂರಿಗೆ ಹೊರಗಿನದಲ್ಲ. ಬಿ.ವಿ. ಪಂಡಿತರು 1913ರಲ್ಲಿ ಇದೇ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ನಂಜನಗೂಡು ಹಲ್ಲುಪುಡಿ ನಾಡಿನ ಮನೆಮನೆಗೆ ಹೋಯಿತು. ಅದರ ಬಣ್ಣ ಗುಲಾಬಿ. ಮೀಸೆ ಹೊತ್ತ ಗಂಡಸರೆಲ್ಲ ಅದರಲ್ಲೇ ಹಲ್ಲುಜ್ಜಿದರು. ಇದು ಹೆಂಗಸರ ಬಣ್ಣ ಎಂದು ಯಾರೂ ಗೊಣಗಲಿಲ್ಲ. ಇನ್ನು ಮೈಸೂರ್ ಸ್ಯಾಂಡಲ್ ಸೋಪು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಸಾಬೂನು ತಯಾರಿಕೆ ಕಲಿತು ಬರಲೆಂದು ಆಗ ಇಂಗ್ಲೆಂಡಿಗೆ ಹೋದವರು ಎಸ್.ಜಿ. ಶಾಸ್ತ್ರಿ, ಅಂದರೆ ಸೋಸಲೆ ಗರಳಪುರಿ ಶಾಸ್ತ್ರಿ. ಸೋಸಲೆ ಇರುವುದು ನರಸೀಪುರ ತಾಲ್ಲೂಕಿನಲ್ಲಿ. ಗರಳಪುರಿ ಎಂದರೆ ನಂಜನಗೂಡೇ. ನಮ್ಮ ಎರಡು ತಾಲ್ಲೂಕುಗಳೂ ಅವರ ಹೆಸರಿನಲ್ಲೇ ಕೂತಿವೆ! ಅವರು ಮಾಡಿದ ಸೋಪು ಬಚ್ಚಲಮನೆಯಲ್ಲಿ ಒಂದೇ ಇರುತ್ತಿತ್ತು. ಅಜ್ಜನಿಗೂ ಅದೇ, ಸೊಸೆಗೂ ಅದೇ. ಅದಕ್ಕೂ ಹಿಂದೆ ಸೀಗೆಪುಡಿ, ಕಡ್ಲೆಹಿಟ್ಟು. ಅವೂ ಹಾಗೆಯೇ.

ಈಗ ಅಂಗಡಿಗೆ ಹೋಗಿ ನೋಡಿ. ಗಂಡಸರಿಗೆ ಕಪ್ಪು ಡಬ್ಬಿ, ಹೆಂಗಸರಿಗೆ ಗುಲಾಬಿ ಡಬ್ಬಿ. ಶಾಂಪೂ ಬೇರೆ, ರೇಜರ್ ಬೇರೆ, ಬೆವರು ವಾಸನೆಯ ಸ್ಪ್ರೇ ಬೇರೆ. ದೇಹದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗಂಡಸರ ಮುಖದ ಚರ್ಮ ಸ್ವಲ್ಪ ದಪ್ಪ, ಜಿಡ್ಡೂ ಹೆಚ್ಚು. ಆದರೆ ಅಷ್ಟಕ್ಕೆ ಇಷ್ಟೊಂದು ಡಬ್ಬಿ ಬೇಕಿಲ್ಲ. ಬಹುಪಾಲು ಕಡೆ ಬದಲಾಗಿರುವುದು ಸುವಾಸನೆ, ಬಣ್ಣ ಮತ್ತು ಬೆಲೆ. ನ್ಯೂಯಾರ್ಕ್ ನಗರಾಡಳಿತದ ಗ್ರಾಹಕ ಇಲಾಖೆ 2015ರಲ್ಲಿ ಸುಮಾರು 800 ವಸ್ತುಗಳನ್ನು ಹೋಲಿಸಿ ನೋಡಿತು. ಮೈ ಆರೈಕೆಯ ವಸ್ತುಗಳಲ್ಲಿ ಹೆಂಗಸರದ್ದಕ್ಕೆ ಸರಾಸರಿ 13 ಶೇಕಡಾ ಹೆಚ್ಚು ಬೆಲೆ ಇತ್ತು.

ನಮ್ಮ ಇಲಾಖೆಯಲ್ಲಿ ಸಿಮೆಂಟನ್ನು ಚೀಲದ ಮೇಲಿನ ಚಿತ್ರ ನೋಡಿ ಕೊಳ್ಳುತ್ತಿರಲಿಲ್ಲ, ಗ್ರೇಡು ನೋಡುತ್ತಿದ್ದೆವು. ಸಾಬೂನಿಗೂ ಗ್ರೇಡು ಉಂಟು. ಪೊಟ್ಟಣದ ಮೇಲೆ ಟಿಎಫ್‌ಎಂ ಎಂದು ಬರೆದಿರುತ್ತದೆ, ಅಂದರೆ ಅದರಲ್ಲಿರುವ ಕೊಬ್ಬಿನಂಶ. 76 ಶೇಕಡಾ ಮೇಲಿದ್ದರೆ ಒಂದನೇ ದರ್ಜೆ, 70 ಎರಡನೇದು, 60 ಮೂರನೇದು. ಈ ಲೆಕ್ಕ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಆಮೇಲೆ ಬೆಲೆಯನ್ನು ತೂಕದಿಂದ ಭಾಗಿಸಿ. ಉದಾಹರಣೆಗೆ, 100 ಗ್ರಾಂ ಸೋಪಿಗೆ 60 ರೂಪಾಯಿ, 75 ಗ್ರಾಂ ಸೋಪಿಗೆ 54 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯದು ಅಗ್ಗ ಅನ್ನಿಸುತ್ತದೆ. ಗ್ರಾಂ ಲೆಕ್ಕ ಹಾಕಿದರೆ ಒಂದು 60 ಪೈಸೆ, ಇನ್ನೊಂದು 72 ಪೈಸೆ.

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಬಿಳಿ ಮಾಡುವ ಕ್ರೀಮಿನದ್ದು ಬೇರೆಯೇ ಕಥೆ. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಮೂವತ್ತು ವರ್ಷ ಹೆಣ್ಣುಮಕ್ಕಳನ್ನು ಕಪ್ಪೆಂದು ಹೆದರಿಸಿದ್ದು ಸಾಲದೆ, 2005ರಲ್ಲಿ ಗಂಡುಮಕ್ಕಳಿಗೂ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು. ಸಮಾನತೆ ಅಂದರೆ ಇದಲ್ಲ! 2020ರಲ್ಲಿ ಮೊದಲನೆಯದು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಾದರೂ ಹೆಣ್ಣು ನೋಡಲು ಹೋಗುವವರ ಬಾಯಲ್ಲಿ "ಹುಡುಗಿ ಬಣ್ಣ ಹೇಗೆ" ಎಂಬ ಪ್ರಶ್ನೆ ಹೋಗಿಲ್ಲ. ಆ ಪ್ರಶ್ನೆಗೆ ಹೆದರಿದ ಹುಡುಗಿಯರು ಊರು ಹೆಸರು ಇಲ್ಲದ ಕ್ರೀಮು ಕೊಳ್ಳುತ್ತಾರೆ. ಅಂಥ ಕೆಲವದರಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಇಳಿದು ಮೂತ್ರಪಿಂಡ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ರೋಗಿಗಳು ಕಂಡುಬಂದದ್ದು 2023ರಲ್ಲಿ ಪತ್ರಿಕೆಗಳಲ್ಲೇ ಬಂದಿತ್ತು. ತಯಾರಕರ ವಿಳಾಸ, ಲೈಸೆನ್ಸ್ ನಂಬರು ಇಲ್ಲದ ಡಬ್ಬಿಯನ್ನು ಮನೆಯೊಳಗೆ ಬಿಡಬೇಡಿ, ತಾಯಂದಿರೇ.

ಬರೀ ಕಂಪನಿಗಳನ್ನು ಬೈದು ಕೂತರೆ ಮುಗಿಯಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಳೆಗೆ ತೆರಿಗೆ ಇರಲಿಲ್ಲ. ಸ್ಯಾನಿಟರಿ ಪ್ಯಾಡಿಗೆ 12 ಶೇಕಡಾ ಇತ್ತು. ಹೆಣ್ಣುಮಕ್ಕಳು ಗಲಾಟೆ ಮಾಡಿದ ಮೇಲೆ 2018ರ ಜುಲೈನಲ್ಲಿ ಅದನ್ನು ತೆಗೆದರು. ಸರ್ಕಾರ ಕುಂಕುಮಕ್ಕೆ ತೆರಿಗೆ ಹಾಕಲಿಲ್ಲ, ಹಾಕಿದವರು ನಾವು. ಗಂಡ ತೀರಿಕೊಂಡರೆ ಹೆಂಡತಿಯ ಹಣೆ ಅಳಿಸುತ್ತೇವೆ, ಹೂ ಕೀಳುತ್ತೇವೆ, ಬಳೆ ಒಡೆಯುತ್ತೇವೆ. ಹೆಂಡತಿ ಸತ್ತ ಗಂಡಸಿಗೆ ಕ್ಷೌರ ಬಿಡು, ಪೌಡರು ಬಿಡು ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ದೇಹದ ಮೇಲಿನ ಗುರುತಿನಿಂದ ಹೆಣ್ಣು ಗಂಡು ಎನ್ನುತ್ತೇವೆಯೇ ಹೊರತು ಒಳಗಿನ ಆತ್ಮಕ್ಕೆ ಆ ಭೇದ ಇಲ್ಲವೆಂದು ಜೇಡರ ದಾಸಿಮಯ್ಯನವರು ಹೇಳಿ ಎಷ್ಟು ಶತಮಾನವಾಯಿತು? ವಿಭೂತಿಯಲ್ಲಿ ಲೇಡೀಸ್ ವಿಭೂತಿ, ಜೆಂಟ್ಸ್ ವಿಭೂತಿ ಎಂದು ಎರಡಿಲ್ಲ. ಇಷ್ಟಲಿಂಗವನ್ನು ಇಬ್ಬರಿಗೂ ಒಂದೇ ಎಂದು ಕೊಟ್ಟ ಧರ್ಮದವರು ಕುಂಕುಮದ ಭರಣಿಯನ್ನು ಮಾತ್ರ ಗಂಡನ ಜೊತೆ ಮಣ್ಣು ಮಾಡುತ್ತೇವೆ.

ನನ್ನದೊಂದು ಕೋರಿಕೆ. ನಮ್ಮ ಮದುವೆ, ಗೃಹಪ್ರವೇಶಗಳಲ್ಲಿ ಬಾಗಿಲ ಬಳಿ ಕುಂಕುಮ, ಹೂವಿನ ತಟ್ಟೆ ಹಿಡಿದು ನಿಲ್ಲುವವರು ಬಂದವರ ಕೊರಳು ನೋಡದೆ ಎಲ್ಲ ಹೆಣ್ಣುಮಕ್ಕಳ ಮುಂದೂ ತಟ್ಟೆ ಹಿಡಿಯಲಿ. ಬೇಕಾದವರು ತೆಗೆದುಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ನಿಮ್ಮ ಮನೆಯ ಖಾಲಿ ಸೋಪಿನ ಪೊಟ್ಟಣ, ಕ್ರೀಮಿನ ಡಬ್ಬಿ ತನ್ನಿ. ಕನ್ನಡಕ ನಾನು ತರುತ್ತೇನೆ. ಒಟ್ಟಿಗೆ ಕೂತು ಓದೋಣ.