ಹದಿನಾರನೆಯ ದಿನ ನೀವು ಬನ್ನಿ

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಗೇಟಿನ ಬಳಿ ಒಂದು ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರು, ಕಂಕುಳಲ್ಲಿ ದಪ್ಪ ಫೈಲು, ತಲೆಗೆ ಸುತ್ತಿದ ಟವೆಲು. ಬಳ್ಳಾರಿಯಿಂದಲೋ ಚಾಮರಾಜನಗರದಿಂದಲೋ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರು. ಇವರೆಲ್ಲರೂ ಕಾಯಿಲೆ ತೋರಿಸಲೇ ಬಂದವರಲ್ಲ. ಕಾಯಿಲೆಯನ್ನು ಗೆದ್ದು, ಆ ಗೆಲುವು ಗಟ್ಟಿಯಾಗಿದೆಯೇ ಎಂದು ಕೇಳಲು ಬಂದವರೂ ಇವರ ನಡುವೆ ಇದ್ದಾರೆ. ಯುವ ಮಿತ್ರರೇ, ಈ ಮಾತು ಅವರಿಗಾಗಿ, ಆದರೆ ಹೇಳುತ್ತಿರುವುದು ನಿಮಗೆ.

‘ಆಪರೇಷನ್ ಆಯ್ತು, ಕೀಮೋ ಆಯ್ತು, ಕರೆಂಟೂ ಕೊಟ್ಟರು, ಇನ್ನೇನು?’ ಎನ್ನುತ್ತದೆ ಊರು. ಆ ‘ಇನ್ನೇನು’ ಎಂಬುದರ ಭಾರ ಹೊತ್ತವರಿಗಷ್ಟೇ ಗೊತ್ತು. ಸ್ತನದ ಗಡ್ಡೆಯೊಂದಿಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆಸಿಕೊಂಡ ತಾಯಿಗೆ ಕೈ ಊದಬಹುದು, ತುಂಬಿದ ಕೊಡ ಎತ್ತಲಾಗದು. ಬಾಯಿಯ ಕ್ಯಾನ್ಸರಿನಿಂದ ಪಾರಾದವನ ದವಡೆ ಬಿಗಿದು ಮುದ್ದೆ ಮುರಿದು ಬಾಯಿಗಿಡುವುದೇ ಸಾಹಸವಾಗಬಹುದು. ಧ್ವನಿಪೆಟ್ಟಿಗೆ ಕಳೆದುಕೊಂಡವನು ಮಗಳನ್ನು ಹೆಸರು ಹಿಡಿದು ಕೂಗಲಾರ. ಇದರ ಮೇಲೆ ಲೋಟ ಬೇರೆ ಇಡುವ ನೆಂಟರು, ಕೆಲಸಕ್ಕೆ ಬರಬೇಡ ಎನ್ನುವ ಮಾಲೀಕರು. ಮುಟ್ಟಿದರೆ ಕ್ಯಾನ್ಸರ್ ಅಂಟುವುದಿಲ್ಲ, ಜೊತೆಗೆ ಕೂತು ಉಂಡರೂ ಅಂಟುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯವೂ ಒಂದು ಸೇವೆಯೇ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ನ್ಯಾಯವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಹೊಲ ಮಾರುವುದು ಎಷ್ಟೋ ಮನೆಗಳಲ್ಲಿ ತಪ್ಪಿತು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. ಬಿಡುಗಡೆಯಾದ ಮೇಲಿನ ಔಷಧ, ಪರೀಕ್ಷೆಗಳಿಗೆ ಅದು ಕೊಡುವ ಆಸರೆ 15 ದಿನ. ಕ್ಯಾನ್ಸರಿನ ಲೆಕ್ಕವೋ ಬೇರೆ. ಮೊದಲ ಎರಡು ವರ್ಷ ಕೆಲವೇ ತಿಂಗಳಿಗೊಮ್ಮೆ ತಪಾಸಣೆ, ಆಮೇಲೆ ಸಾಮಾನ್ಯವಾಗಿ 5 ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ. ಸ್ತನ ಕ್ಯಾನ್ಸರಿನ ಹಲವು ಬಗೆಗಳಲ್ಲಿ ಟಾಮಾಕ್ಸಿಫೆನ್‌ನಂಥ ಮಾತ್ರೆಯನ್ನು ಕನಿಷ್ಠ 5 ವರ್ಷ ದಿನವೂ ನುಂಗಬೇಕು. 15 ದಿನವೆಲ್ಲಿ, 5 ವರ್ಷವೆಲ್ಲಿ? ಹದಿನಾರನೆಯ ದಿನ ಆ ಮನೆಯ ಬಾಗಿಲಿಗೆ ಯಾರು ಬರುತ್ತಾರೆ?

ನೀವು ಬನ್ನಿ.

ಬರಿಗೈಯಲ್ಲಿ ಬರಬೇಕಿಲ್ಲ, ಕಾನೂನು ಕೈಯಲ್ಲಿ ಹಿಡಿದೇ ಬರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ತೆರೆದು ನೋಡಿ. ಧ್ವನಿಪೆಟ್ಟಿಗೆ ತೆಗೆದುದರಿಂದ ಶಾಶ್ವತವಾಗಿ ಮಾತು ಹೋದರೆ ಅದನ್ನು ಅಂಗವೈಕಲ್ಯವೆಂದು ಕಾಯ್ದೆಯ ಅನುಸೂಚಿ ಹೆಸರಿಸಿಯೇ ಹೇಳುತ್ತದೆ. ಮೂಳೆಯ ಕ್ಯಾನ್ಸರಿಗೆ ಕಾಲು ಕಳೆದುಕೊಂಡ ಹುಡುಗನಿಗೂ ಅಲ್ಲಿ ಜಾಗವಿದೆ. ಅಂಥವರು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ವೈಕಲ್ಯ ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯನ್ನೂ ಕೇಳಬಹುದು. ಇನ್ನೊಂದು ಮಾತು: ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಇದು ದಯೆಯಲ್ಲ, ಇಪ್ಪತ್ತನೆಯ ಸೆಕ್ಷನ್.

ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿಯಿದೆ, ಜೊತೆಗಾರನಿಗೂ ಇದೆ. ಆಸ್ಪತ್ರೆಯ ಪ್ರಮಾಣಪತ್ರವೊಂದು ಬೇಕು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದೆ ಆಸ್ಪತ್ರೆ ಮುಟ್ಟಬಹುದು. ಮಾತು ಮರಳಿ ಕಲಿಸುವ ವಿದ್ಯೆಗೆ 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಧ್ವನಿ ಕಳೆದುಕೊಂಡವರಿಗೆ ಸಾವಿರಗಟ್ಟಲೆ ಬೆಲೆಯ ಸಾಧನ ಎಟುಕದೆ ಇದ್ದಾಗ, ಸುಮಾರು 50 ರೂಪಾಯಿಯ ಸಾಧನ ರೂಪಿಸಿದವರು ಇದೇ ಬೆಂಗಳೂರಿನ ವೈದ್ಯ ಡಾ. ವಿಶಾಲ್ ರಾವ್ ಮತ್ತು ಅವರ ಸ್ನೇಹಿತರು.

ಹಾಗಾದರೆ ಕೊರತೆ ಎಲ್ಲಿ? ಹಕ್ಕಿಗೂ ಹಕ್ಕುದಾರನಿಗೂ ನಡುವೆ ಒಂದು ಕೌಂಟರ್ ಇದೆ. ಅಲ್ಲೊಂದು ಫಾರಂ, ಒಂದು ಸೀಲು, ಒಂದು ಓಟಿಪಿ. ದಣಿದ ದೇಹ ಮೂರನೆಯ ಸಲ ‘ನಾಳೆ ಬನ್ನಿ’ ಕೇಳಿದ ಮೇಲೆ ಮನೆಗೆ ಮರಳಿಬಿಡುತ್ತದೆ. ನೀವು ಸಿಇಟಿ ಅರ್ಜಿ ತುಂಬಿದವರು, ವಿದ್ಯಾರ್ಥಿವೇತನದ ಪೋರ್ಟಲ್ಲಿನೊಂದಿಗೆ ರಾತ್ರಿಯೆಲ್ಲ ಗುದ್ದಾಡಿದವರು. ನಿಮಗೆ ಸದರವಾಗಿರುವ ಆ ವಿದ್ಯೆ ಅವರ ಪಾಲಿಗೆ ಊರುಗೋಲು.

1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಎರಡು ವರ್ಷಕ್ಕೆ ನಿಮ್ಮಿಂದ 240 ಗಂಟೆ ಕೇಳುತ್ತದೆ. ಅದರಲ್ಲಿ ಒಂದು ಪಾಲು ಒಬ್ಬರಿಗೆ ಕೊಡಿ. ನೂರು ಜನರಿಗಲ್ಲ, ಒಬ್ಬರಿಗೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಊರಲ್ಲಿ ಯಾರಿದ್ದಾರೆಂದು ದಾರಿ ತೋರಿಸಿಯಾಳು. ಒಪ್ಪಿಗೆ ಪಡೆದು ಹೋಗಿ. ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿಕೊಡಿ. ಮುಂದಿನ ತಪಾಸಣೆಯ ದಿನವನ್ನು ನಿಮ್ಮ ಫೋನಿನಲ್ಲಿ ಗುರುತಿಸಿ. ಅರ್ಜಿ ತುಂಬಿ, ಸ್ವೀಕೃತಿ ಪಡೆಯಿರಿ. ಅವರ ಕಥೆಯನ್ನು ಸ್ಟೇಟಸ್ಸಿಗೆ ಹಾಕಬೇಡಿ, ಅದು ಅವರದು.

ಇರುವುದನ್ನು ಕೊಡಿಸಿದರೆ ಸಾಲದು, ಇಲ್ಲದ್ದನ್ನು ಕೇಳಲೂಬೇಕು. ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ 3 ವರ್ಷದೊಳಗೆ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಅಲ್ಲಿ ಕೀಮೋದ ಜೊತೆಗೆ ಊದಿದ ಕೈಗೆ ಫಿಸಿಯೋಥೆರಪಿ, ಕುಗ್ಗಿದ ಮನಸ್ಸಿಗೆ ಆಪ್ತಸಲಹೆ, ಗುಣವಾದವರ ತಪಾಸಣೆಗೆ ಒಂದು ದಿನ ಇರಲಿ ಎಂದು ಕೇಳಿ. ಫ್ರಾನ್ಸ್‌ನಲ್ಲಿ ಚಿಕಿತ್ಸೆ ಮುಗಿದು 5 ವರ್ಷವಾದವರು ಮನೆ ಸಾಲದ ವಿಮೆಗಾಗಿ ತಮ್ಮ ಹಳೆಯ ಕ್ಯಾನ್ಸರಿನ ವಿಷಯ ಹೇಳಬೇಕಿಲ್ಲವೆಂದು 2022ರಲ್ಲಿ ಕಾನೂನಾಯಿತು. ಗೆದ್ದವರನ್ನು ಜೀವಮಾನವಿಡೀ ರೋಗಿಯೆಂದು ಕರೆಯದ ಅಂಥ ಕಾನೂನು ನಮಗೂ ಬೇಕು. ಶಾಸಕರಿಗೆ ಬರೆಯಿರಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಧ್ವನಿ ಕಳೆದುಕೊಂಡವರ ಪರವಾಗಿ ಮಾತಾಡಲು ಧ್ವನಿ ಇರುವವರು ನಾಚಬಾರದು.

ಡಾಕ್ಟರರು ಜೀವ ಉಳಿಸಿಕೊಟ್ಟಿದ್ದಾರೆ, ಆ ಜೀವಕ್ಕೆ ಬದುಕು ಜೋಡಿಸುವ ಕೆಲಸ ಬಾಕಿಯಿದೆ. ನಾಳೆ ಬಸ್ ನಿಲ್ದಾಣದಲ್ಲಿ ಆ ದೊಡ್ಡ ಕವರು ಹಿಡಿದವರು ಕಂಡರೆ ಪಕ್ಕಕ್ಕೆ ಹೋಗಿ ನಿಲ್ಲಿ. ‘ಕೊಡಿ, ಸ್ವಲ್ಪ ಹೊತ್ತು ನಾನು ಹಿಡಿದುಕೊಳ್ತೀನಿ’ ಅನ್ನಿ. ನಿಮ್ಮ 240 ಗಂಟೆಗಳಲ್ಲಿ ಮೊದಲನೆಯದು ಅಲ್ಲಿಂದ ಶುರುವಾಗಲಿ.