ನದಿಯ ನಾಡು, ಕಚೇರಿಯ ಗೆರೆ
(ಅಗಸೂರಿನಲ್ಲಿ ಮಾಡಿದ ಭಾಷಣ)



ತಮ್ಮ ಸೀಮೆಯ ಗಂಗಾವಳಿಯಿಂದಲೇ ನಾವು ಮಾತನ್ನಾರಂಭಿಸುವೆವು. ಧಾರವಾಡದ ಶಾಲ್ಮಲೆಯನ್ನು ಕೂಡಿಕೊಂಡು, ಬೇಡ್ತಿಯೆಂಬ ಹೆಸರಿನಿಂದ ಯಲ್ಲಾಪುರದ ಕಾಡನ್ನು ಹಾದು, ಘಟ್ಟವಿಳಿದು ಕಡಲನ್ನು ಸೇರುವ ಈ ನದಿಯು ಬಯಲುಸೀಮೆ, ಮಲೆನಾಡು, ಕರಾವಳಿಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು. ಆದರೆ ಆಂಗ್ಲರು ಮಾಡಿದುದೇನು? 1862ರವರೆಗೆ ಇದೇ ನದಿಯ ತಲೆ ಮುಂಬಯಿ ಇಲಾಖೆಯಲ್ಲಿಯೂ ಕಾಲು ಮದ್ರಾಸು ಇಲಾಖೆಯಲ್ಲಿಯೂ ಇದ್ದಿತು. ಆ ವರ್ಷ ನಮ್ಮ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದುದೂ ಕನ್ನಡಿಗರ ಮೇಲಣ ಕರುಣೆಯಿಂದಲ್ಲ. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕಾಗಿದ್ದಿತು. ಹತ್ತಿಯ ಮೂಟೆಗೆ ದೊರೆತ ಮನ್ನಣೆಯು ಮನುಷ್ಯರಿಗೆ ದೊರೆಯಲಿಲ್ಲ.

ಫ್ರಾನ್ಸ್ ದೇಶದವರು 1790ರಲ್ಲಿ ತಮ್ಮ ನಾಡನ್ನು ಹೊಸ ಜಿಲ್ಲೆಗಳಾಗಿ ವಿಂಗಡಿಸಿದಾಗ, ಯಾವ ಹಳ್ಳಿಯವನೇ ಆಗಲಿ ಕುದುರೆಯೇರಿ ಒಂದು ದಿನದೊಳಗೆ ಮುಖ್ಯಪಟ್ಟಣವನ್ನು ಮುಟ್ಟಬೇಕೆಂಬುದನ್ನು ಅಳತೆಗೋಲಾಗಿಟ್ಟುಕೊಂಡರು. ಬಹುಪಾಲು ಜಿಲ್ಲೆಗಳಿಗೆ ನದಿ-ಪರ್ವತಗಳ ಹೆಸರನ್ನಿಟ್ಟರು. ಅಲ್ಲಿ ಗೆರೆಯೆಳೆದವರು ಪ್ರಜೆಯ ಪಯಣವನ್ನು ನೋಡಿದರು. ಇಲ್ಲಿ ಎಳೆದವರು ವರ್ತಕನ ಗಂಟನ್ನು ನೋಡಿದರು.

1956ರ ನವೆಂಬರ 1ರಂದು ಕನ್ನಡನಾಡು ಒಂದಾಯಿತು. ಮಾಮಲೇದಾರರು ತಹಶೀಲ್ದಾರರಾದರು. 1977ರಲ್ಲಿ ಜಿಲ್ಲೆಗೆ ಉತ್ತರ ಕನ್ನಡವೆಂಬ ಹೆಸರಾಯಿತು. ಇದು ನಮಗೆ ಹೆಮ್ಮೆಯೇ ಸರಿ. ಆದರೆ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮೀರಿದ ಈ ಜಿಲ್ಲೆಯ ಮುಖ್ಯಸ್ಥಳವು ಇಂದಿಗೂ ವಾಯವ್ಯದ ಮೂಲೆಯ ಕಾರವಾರವೇ. ಮೂಡಣ ಮುಂಡಗೋಡದ ರೈತನು ಒಂದು ಅರ್ಜಿಗಾಗಿ ಕಾಡನ್ನೂ ಘಟ್ಟವನ್ನೂ ದಾಟಿ ಬರಬೇಕು. ನಾಡು ಒಂದಾದರೂ ಕಚೇರಿಯು ಜನರ ಹತ್ತಿರ ಬಂದಿಲ್ಲ.

ಇದು ಬರಿಯ ಅನಾನುಕೂಲದ ಮಾತಲ್ಲ. 2019ರಲ್ಲಿಯೂ 2021ರಲ್ಲಿಯೂ ಗಂಗಾವಳಿಯು ಉಕ್ಕಿ ಅಂಕೋಲೆಯ ದಂಡೆಯ ಹಳ್ಳಿಗಳನ್ನು ಹೊಕ್ಕುದನ್ನು ತಾವು ಕಣ್ಣಾರೆ ಕಂಡಿರುವಿರಿ. ಮಳೆ ಸುರಿಯುವುದು ಮೇಲೆ, ಮನೆ ಮುಳುಗುವುದು ಕೆಳಗೆ. ನೆರೆಯ ನೀರು ತಾಲ್ಲೂಕಿನ ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ. ಆದುದರಿಂದ ಎಚ್ಚರಿಕೆಯ ಮಾತೂ ಗಡಿಯಲ್ಲಿ ನಿಲ್ಲಬಾರದು.

ಹಾಗಾದರೆ ನಾವು ಮಾಡತಕ್ಕುದೇನು? 1993ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಯೆಂಬ ಸಾಧನವನ್ನು ತಮ್ಮ ಕೈಗಿತ್ತಿದೆ. ಕಲಘಟಗಿ, ಯಲ್ಲಾಪುರ, ಅಂಕೋಲೆಗಳ ದಂಡೆಯ ಪಂಚಾಯತಿಗಳು ಮಳೆಗಾಲಕ್ಕೆ ಮುನ್ನ ಒಂದೆಡೆ ಕೂಡಲೆಂದೂ, ನೀರೇರಿದ ಸುದ್ದಿಯು ಮೇಲಿನಿಂದ ನೇರವಾಗಿ ಕೆಳಗಿನ ಹಳ್ಳಿಗೆ ತಲುಪಲೆಂದೂ ತಾವು ಠರಾವು ಮಾಡಿರಿ, ಅದನ್ನು ದಾಖಲೆಯಲ್ಲಿ ಬರೆಯಿಸಿರಿ. ವಕೀಲರಾದ ನಾವು ಬಲ್ಲೆವು: ಬಾಯಿಮಾತಿನ ಅಳಲು ಅಂಗಳದಲ್ಲಿಯೇ ಉಳಿಯುವುದು, ಬರೆದ ಠರಾವು ಉತ್ತರವನ್ನು ಕೇಳುವುದು.

ಹಿರಿಯರು ನಾಡನ್ನು ಕೂಡಿಸಿದರು. ನದಿಯ ಎರಡು ತುದಿಗಳನ್ನು ಕೂಡಿಸುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ.