ದಾರಿಯ ಲೆಕ್ಕ
(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಸಾವುನೋವಿನ ಮಾತೇಕೆ ಎಂದು ತಾವು ಕೇಳಬಹುದು. ಹಬ್ಬಕ್ಕೆ, ಮದುವೆಗೆ, ಹೆತ್ತವರನ್ನು ಕಾಣುವುದಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಊರಿಗೆ ಹೋಗುವುದು ರಸ್ತೆಯ ಮೇಲೆಯೇ. ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ಪೋಣಿಸುವ 48ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ತವರಿನ ದಾರಿ. ಆದುದರಿಂದ ದಾರಿಯ ಲೆಕ್ಕವನ್ನು ನಾವು ತಿಳಿದಿರಬೇಕು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಗಳನ್ನು ನೋಡೋಣ. 2010ರಲ್ಲಿ ದೇಶದಲ್ಲಿ 4,99,628 ಅಪಘಾತಗಳಾದವು. 5,27,512 ಜನ ಗಾಯಗೊಂಡರು. 1,34,513 ಜನ ಮಡಿದರು. 2022ರಲ್ಲಿ ಅಪಘಾತಗಳ ಸಂಖ್ಯೆ 4,61,312ಕ್ಕೂ ಗಾಯಾಳುಗಳ ಸಂಖ್ಯೆ 4,43,366ಕ್ಕೂ ಇಳಿಯಿತು. ಸತ್ತವರ ಸಂಖ್ಯೆ ಮಾತ್ರ 1,68,491ಕ್ಕೆ ಏರಿತು. ಅವರಲ್ಲಿ 15,224 ಮಂದಿ ನಾವಿರುವ ಮಹಾರಾಷ್ಟ್ರದಲ್ಲಿ, 11,702 ಮಂದಿ ಕರ್ನಾಟಕದಲ್ಲಿ ಸತ್ತವರು. ಮೊದಲು ನೂರು ಅಪಘಾತಗಳಿಗೆ ಸುಮಾರು 27 ಸಾವು. ಹನ್ನೆರಡು ವರ್ಷಗಳ ತರುವಾಯ 36ಕ್ಕೂ ಹೆಚ್ಚು. ಸಣ್ಣಪುಟ್ಟ ಅಪಘಾತಗಳೆಲ್ಲ ಪೊಲೀಸರ ದಾಖಲೆಗೆ ಬರುವುದಿಲ್ಲವೆಂಬುದು ನಿಜ. ಆದರೆ ಸಾವಿನ ಏರಿಕೆಗೆ ಅದು ಸಮಾಧಾನವಾಗಲಾರದು.

2022ರಲ್ಲಿ ಸತ್ತ ಪ್ರತಿ ನೂರರಲ್ಲಿ 71 ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ವರದಿ ಹೇಳುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುತ್ತದೆ. ರಸ್ತೆ ಅಗಲವಾಯಿತು, ಎಂಜಿನ್ ಬಲವಾಯಿತು. ಮನುಷ್ಯನ ತಲೆಬುರುಡೆ ಮಾತ್ರ ಅಜ್ಜನ ಕಾಲದ್ದೇ!

ಆ ವರ್ಷ ಮಡಿದವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಸ್ಕೂಟರು ನಡೆಸುವ ಯಜಮಾನರ ತಲೆಯ ಮೇಲೆ ಹೆಲ್ಮೆಟ್ಟು, ಹಿಂದೆ ಕುಳಿತ ಗೃಹಿಣಿಯ ಮುಡಿಯಲ್ಲಿ ಮಲ್ಲಿಗೆ ಮಾತ್ರ! ಬೀಳುವಾಗ ನೆಲವು ಮುಂದಿನವರು ಹಿಂದಿನವರು ಎಂದು ಭೇದವೆಣಿಸುವುದಿಲ್ಲ. ಕಾನೂನೂ ಇಬ್ಬರಿಗೂ ಒಂದೇ.

ಇನ್ನೊಂದು ಮಾತು. ದಾರಿಯಲ್ಲಿ ಬಿದ್ದವನನ್ನು ಎತ್ತಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯ ನಮ್ಮಲ್ಲಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸದ್ಭಾವದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಅವನು ಹೆಸರು, ವಿಳಾಸ ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಪರಊರಿನಲ್ಲಿ ಒಬ್ಬರಿಗೊಬ್ಬರು ಆಗಬೇಕೆಂದೇ ನಾವು ಸಂಘ ಕಟ್ಟಿಕೊಂಡವರು. ಆ ಧರ್ಮ ರಸ್ತೆಯಲ್ಲಿಯೂ ನಡೆಯಲಿ. ಮುಂದಿನ ಹಬ್ಬಕ್ಕೆ ಊರಿಗೆ ಹೊರಡುವಾಗ ಒಂದು ಗಂಟೆ ಮೊದಲೇ ಹೊರಡೋಣ. ಮನೆಯಲ್ಲಿ ಎರಡನೆಯ ಹೆಲ್ಮೆಟ್ ಇಲ್ಲದಿದ್ದರೆ ಈ ವಾರವೇ ಕೊಳ್ಳೋಣ. ತಡವಾಗಿ ತಲುಪಿದರೆ ಅಮ್ಮ ಗದರಿಯಾಳು, ಊಟವನ್ನಂತೂ ಇಟ್ಟುಕೊಂಡೇ ಕಾದಿರುತ್ತಾಳೆ.